ಕೂಸಿಗೆ ಮುಂಚೆ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಅನ್ನುವುದು ಹಿರಿಯರ ಮಾತು. ಪ್ರೊಸೆಸರ್ ಬದಲಿಸುವವರಿಗೆ ಮಾತ್ರ ಅದು ಸಲ್ಲದು. ಹಳೇ ಬಿ450 ಬೋರ್ಡಿನಲ್ಲಿ ರೈಜನ್ 5 1600 ಕೂತಿದೆ, ಅದನ್ನು ತೆಗೆದು ರೈಜನ್ 7 5700ಎಕ್ಸ್3ಡಿ ಹಾಕಬೇಕು ಎನ್ನುವವರು ಮೊದಲು ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಹೀಟ್‌ಸಿಂಕಿಗೆ ಕೈ ಹಾಕಬೇಕು. ಮೊದಲು ಚಿಪ್ ಬದಲಿಸಿದರೆ ಫ್ಯಾನ್ ತಿರುಗುತ್ತದೆ, ಬೋರ್ಡಿನ ಅಂಚಿನಲ್ಲಿ ‘ಸಿಪಿಯು’ ಎಂದು ಬರೆದ ಪುಟ್ಟ ದೀಪ ಹತ್ತಿ ಹಾಗೇ ನಿಲ್ಲುತ್ತದೆ, ಪರದೆಯ ಮೇಲೆ ಏನೂ ಮೂಡುವುದಿಲ್ಲ.

ಪ್ರೊಸೆಸರ್ ಕೆಟ್ಟಿದೆ ಎಂದು ಎಷ್ಟೋ ಜನ ಅಂಗಡಿಗೆ ಓಡುವುದು ಈ ಹಂತದಲ್ಲೇ. ಕೆಟ್ಟಿರುವುದಿಲ್ಲ. ರೈಜನ್ ಚಿಪ್ಪಿನೊಳಗೆ ಮುಖ್ಯ ಕೋರುಗಳಿಗಿಂತ ಮೊದಲು ಎಚ್ಚರವಾಗುವ ಪುಟ್ಟ ಆರ್ಮ್ ಕೋರ್ ಒಂದಿದೆ. ಬೋರ್ಡಿನ ಮೇಲಿನ ಎಂಟು ಕಾಲಿನ ಫ್ಲ್ಯಾಶ್ ಚಿಪ್ಪಿನಲ್ಲಿ ತನ್ನ ತಳಿಗೆ ಬರೆದಿಟ್ಟ ಕೋಡ್ ಇದೆಯೇ ಎಂದು ಅದು ಹುಡುಕುತ್ತದೆ. ಎಎಂಡಿ ಅದನ್ನು ಅಜೆಸಾ ಎನ್ನುತ್ತದೆ. ಸಿಗದಿದ್ದರೆ ರ‍್ಯಾಮ್ ಕೂಡ ಸಿದ್ಧವಾಗುವುದಿಲ್ಲ. ಇನ್ನು ಎರರ್ ಮೆಸೇಜ್ ತೋರಿಸುವವರು ಯಾರು?

ಕೆಲವು ಬೋರ್ಡುಗಳಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಬಟನ್ ಇರುತ್ತದೆ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ತುಂಬಿಕೊಳ್ಳುವ ಆ ಬಟನ್ ಇರುವವರು ಪುಣ್ಯವಂತರು. ಫ್ಯಾಟ್32 ಫಾರ್ಮ್ಯಾಟ್, ಕಂಪನಿ ಹೇಳಿದ ಹೆಸರಿಗೇ ಫೈಲ್ ರೀನೇಮ್, ಅಷ್ಟು ಸಾಕು. ಬಟನ್ ಇಲ್ಲದವರೇ ಹೆಚ್ಚು, ಮಾತೂ ಅವರದ್ದೇ.

ಅವರ ದಾರಿಗೆ ಅಡ್ಡ ನಿಂತಿರುವುದು ಒಂದು ಹಳೇ ಪಂಥ. ‘ಚೆನ್ನಾಗಿ ನಡೀತಿದೆಯಲ್ಲ ಸಾರ್, ಬಯೋಸ್ ಯಾಕೆ ಮುಟ್ತೀರಿ?’ ಎಂಬುದು ಅದರ ಮಂತ್ರ. ಆ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. ಫ್ಲಾಪಿಯಿಂದ ಬೂಟ್ ಮಾಡಿ ಫ್ಲ್ಯಾಶ್ ಮಾಡುವ ದಿನಗಳಲ್ಲಿ ನಡುವೆ ಕರೆಂಟ್ ಹೋದರೆ ಬೋರ್ಡೂ ಹೋದಂತೆ. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಎಷ್ಟೋ ಬೋರ್ಡುಗಳ ಬಯೋಸನ್ನೇ ಅಳಿಸಿ ಹಾಕಿತು. ಆದರೆ ಅದೇ ಭಯವನ್ನು ಇವತ್ತಿಗೂ ಬುದ್ಧಿವಾದವೆಂದು ಹಂಚುವುದನ್ನು ನಾನು ಒಪ್ಪುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್ಪುಗಳು ಅತಿಯಾದ ವೋಲ್ಟೇಜಿನಿಂದ ಸವೆಯುತ್ತಿರುವುದು 2024ರಲ್ಲಿ ಬಯಲಾದಾಗ, ಮದ್ದು ಬಂದದ್ದು ಬಯೋಸ್ ಅಪ್‌ಡೇಟಿನಲ್ಲೇ. ಅದು ಸವೆತವನ್ನು ತಡೆಯುವ ಮದ್ದು. ಆಗಲೇ ಹಾಳಾದ ಚಿಪ್ ಅದರಿಂದ ಸರಿಹೋಗಲಿಲ್ಲ. ಮುಟ್ಟಬೇಡಿ ಎಂದವರ ಮಾತು ಕೇಳಿ ಕೂತವರಿಗೆ ನಷ್ಟವೇ ಆಯಿತು.

ಕೆಲಸ ಮಾತ್ರ ಅಚ್ಚುಕಟ್ಟಾಗಿ ಆಗಬೇಕು. ಬೋರ್ಡ್ ಕಂಪನಿಯ ಸಿಪಿಯು ಸಪೋರ್ಟ್ ಲಿಸ್ಟ್ ಓದಿ, ಬೋರ್ಡಿನ ಮೂಲೆಯಲ್ಲಿ ಅಚ್ಚಾಗಿರುವ ರಿವಿಷನ್ ನಂಬರ್ ಹೊಂದಿಸಿ ನೋಡಿ. ಕೆಲವು ಬೋರ್ಡುಗಳು ಮೊದಲು ನಡುವಿನ ಒಂದು ಆವೃತ್ತಿಗೆ ಬಂದು, ಆಮೇಲೆ ಮುಂದಕ್ಕೆ ಹೋಗಿ ಎನ್ನುತ್ತವೆ. ಆ ಸೂಚನೆ ಸಣ್ಣ ಅಕ್ಷರದಲ್ಲಿರುತ್ತದೆ. ಫ್ಲ್ಯಾಶ್ ಮಾಡುವುದು ಬಯೋಸ್ ಸೆಟಪ್ಪಿನ ಒಳಗಿನಿಂದಲೇ ಆಗಲಿ, ವಿಂಡೋಸ್ ಮೇಲಿನ ಆ್ಯಪ್‌ನಿಂದ ಬೇಡ. ಯುಪಿಎಸ್ ಇರಲಿ. ಕರೆಂಟ್ ಹೋಗಿ ಮನೆಯ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ಪಿಸಿ ರೀಸ್ಟಾರ್ಟ್ ಆದರೂ ಆಗಬಹುದು. ಸೆಟ್ಟಿಂಗುಗಳೆಲ್ಲ ಅಳಿಸಿಹೋಗುವುದರಿಂದ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಇನ್ನೊಂದು ಪರದೆಯ ಬಗ್ಗೆ ಹೇಳಲೇಬೇಕು. ಹೊಸ ಪ್ರೊಸೆಸರ್ ಕೂರಿಸಿ ಆನ್ ಮಾಡಿದಾಗ, ಎಫ್‌ಟಿಪಿಎಂ (ಡಿಸ್ಕಿನ ಬೀಗದ ಕೈ ಕಾಯುವ ಭದ್ರತಾ ಭಾಗ) ರೀಸೆಟ್ ಮಾಡಲೇ, ‘ವೈ’ ಒತ್ತಿ ಅಥವಾ ‘ಎನ್’ ಒತ್ತಿ ಎಂದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬರುತ್ತದೆ. ಅವಸರದಲ್ಲಿ ‘ವೈ’ ಒತ್ತಿದರೆ ಬಿಟ್‌ಲಾಕರ್ ಹಾಕಿದ ಡಿಸ್ಕಿನ ಬೀಗದ ಕೈ ಅಳಿಸಿಹೋಗುತ್ತದೆ. 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳದಿದ್ದರೆ ಮಗುವಿನ ನಾಮಕರಣದ ಫೋಟೋದಿಂದ ಆಫೀಸಿನ ಲೆಕ್ಕದವರೆಗೆ ಎಲ್ಲವೂ ಬೀಗದೊಳಗೇ ಉಳಿಯುತ್ತದೆ. ಬಯೋಸ್ ಮುಟ್ಟುವ ಮುಂಚೆಯೇ ಕೀ ಬರೆದಿಟ್ಟು, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ.

2020ರ ಮೇ ತಿಂಗಳಲ್ಲಿ ಎಎಂಡಿ ತನ್ನ ಮುಂದಿನ ರೈಜನ್ನುಗಳು ಬಿ450 ಸೇರಿದಂತೆ 400 ಸರಣಿಯ ಬೋರ್ಡುಗಳಲ್ಲಿ ಓಡುವುದಿಲ್ಲ ಎಂದಿತ್ತು. ಬಯೋಸ್ ಚಿಪ್ಪಿನಲ್ಲಿ ಜಾಗವಿಲ್ಲ ಎಂಬುದು ಅದು ಮುಂದಿಟ್ಟ ಕಾರಣ. ಬಹುಪಾಲು ಬೋರ್ಡುಗಳ ಚಿಪ್ 16 ಎಂಬಿಯದು. ಗ್ರಾಹಕರು ಸಿಟ್ಟಿಗೆದ್ದರು, ಅದೇ ತಿಂಗಳು ಎಎಂಡಿ ಮಾತು ಬದಲಿಸಿತು. 2022ರಲ್ಲಿ 300 ಸರಣಿಗೂ ಬಾಗಿಲು ತೆರೆಯಿತು. ಜಾಗದ ಕಷ್ಟವಂತೂ ಸುಳ್ಳಾಗಿರಲಿಲ್ಲ. ಹೊಸ ಚಿಪ್ಪಿಗೆ ಜಾಗ ಮಾಡಲು ಕೆಲವು ಬೋರ್ಡುಗಳಲ್ಲಿ ಬಣ್ಣಬಣ್ಣದ ಬಯೋಸ್ ಮೆನು ತೆಗೆದು ಸಾದಾ ಮೆನು ಕೂರಿಸಿದರು, ಹಳೇ ಪ್ರೊಸೆಸರುಗಳ ಕೋಡನ್ನೇ ಕಿತ್ತರು.

16 ಎಂಬಿ ಸಾಲದು ಎಂಬ ಮಾತು ಕೇಳಿದಾಗಲೆಲ್ಲ ನನಗೆ 1981ರ ಐಬಿಎಂ ಪಿಸಿ ನೆನಪಾಗುತ್ತದೆ. ಅದರ ಬಯೋಸ್ 8 ಕೆಬಿ. 16 ಎಂಬಿ ಎಂದರೆ ಅದರ 2048 ಪಟ್ಟು. ಆ ಯಂತ್ರದ ‘ಟೆಕ್ನಿಕಲ್ ರೆಫರೆನ್ಸ್’ ಈ ಹವ್ಯಾಸಕ್ಕೆ ಬಿದ್ದವರೆಲ್ಲ ಒಮ್ಮೆ ಬಿಡಿಸಿ ನೋಡಬೇಕಾದ ಪುಸ್ತಕ. ಬಯೋಸಿನ ಇಡೀ ಅಸೆಂಬ್ಲಿ ಕೋಡನ್ನು ಐಬಿಎಂ ಟಿಪ್ಪಣಿ ಸಮೇತ ಅದರಲ್ಲಿ ಅಚ್ಚು ಹಾಕಿಸಿತ್ತು. ಆನ್ ಆದ ಪಿಸಿ ತನ್ನನ್ನು ತಾನೇ ಹೇಗೆ ಪರೀಕ್ಷಿಸಿಕೊಳ್ಳುತ್ತದೆ ಎಂಬುದನ್ನು ಅಲ್ಲಿ ಕಥೆಯಂತೆ ಓದುತ್ತಾ ಹೋಗಬಹುದು.

ಇಂಥ ಬಯೋಸಿಗೂ ಅಪ್‌ಡೇಟ್ ಬೇಕಾಯಿತು. ಮೊದಲ ಬಯೋಸುಗಳಿಗೆ ಎಕ್ಸ್‌ಪ್ಯಾನ್ಷನ್ ಕಾರ್ಡಿನ ಮೇಲಿನ ರಾಮ್ (ಓದಲು ಮಾತ್ರ ಬರುವ ಮೆಮೊರಿ) ಹುಡುಕುವುದೇ ಗೊತ್ತಿರಲಿಲ್ಲ. ಹಾಗಾಗಿ ಹಾರ್ಡ್‌ಡಿಸ್ಕ್ ಕಾರ್ಡ್ ಹಾಕಿದರೂ ಬೋರ್ಡಿಗೆ ಅದು ಕಾಣುತ್ತಿರಲಿಲ್ಲ. 1982ರ ಅಕ್ಟೋಬರ್ 27ರ ಬಯೋಸಿನಲ್ಲಿ ಆ ವಿದ್ಯೆ ಬಂತು. ಹಾರ್ಡ್‌ಡಿಸ್ಕ್ ಬೇಕೆಂದವರು ಹಳೇ ರಾಮ್ ಚಿಪ್ಪನ್ನು ಸಾಕೆಟ್ಟಿನಿಂದ ಎಬ್ಬಿಸಿ, ಕಾಲು ಬಗ್ಗದ ಹಾಗೆ ಹೊಸದನ್ನು ಒತ್ತಿ ಕೂರಿಸಬೇಕಿತ್ತು. ಹೊಸ ಯಂತ್ರಾಂಶಕ್ಕೆ ಮುಂಚೆ ಹೊಸ ಬಯೋಸ್ ಎಂಬ ಕ್ರಮಕ್ಕೆ ಪಿಸಿಯಷ್ಟೇ ವಯಸ್ಸಾಗಿದೆ. ‘ಮುಟ್ಟಬೇಡಿ’ ಪಂಥ ಆಮೇಲೆ ಹುಟ್ಟಿದ್ದು.

ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ಹಳೇ ಸ್ಟಾಕಿನ ಬೋರ್ಡನ್ನು ಹೊಸ ಪ್ರೊಸೆಸರ್ ಜೊತೆ ಮಾರುವಾಗ ಬಯೋಸ್ ನೀವೇ ಅಪ್‌ಡೇಟ್ ಮಾಡಿ, ಆವೃತ್ತಿಯ ನಂಬರನ್ನು ಬಿಲ್ಲಿನ ಮೇಲೆ ಬರೆದುಕೊಡಿ. ಓದುಗರಲ್ಲಿ ಇನ್ನೊಂದು: ಹೊಸ ಚಿಪ್ಪಿನಲ್ಲಿ ವಿಂಡೋಸ್ ತೆರೆದು ಒಂದು ವಾರ ಸರಿಯಾಗಿ ಓಡುವವರೆಗೆ ಹಳೇ ಪ್ರೊಸೆಸರ್ ಮಾರಬೇಡಿ.