ವೇಗ ಸಿಕ್ಕಿದೆ, ಹದ ಬೇಕು

ಲೇಸರ್ ಮತ್ತು ಪ್ಲಾಸ್ಮಾ ಬಳಸುವ ಪುಟ್ಟ ಕಣ ವೇಗೋತ್ಕರ್ಷಕಗಳು ಸುದ್ದಿಯಾಗುವುದು ದಾಖಲೆ ಮುರಿದಾಗ. ಅಮೆರಿಕದ ಬರ್ಕ್ಲಿ ಪ್ರಯೋಗಾಲಯ 2006ರಲ್ಲಿ 3.3 ಸೆಂಟಿಮೀಟರ್ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು 1 ಗಿಗಾ ಎಲೆಕ್ಟ್ರಾನ್ ವೋಲ್ಟ್‌ಗೆ ಏರಿಸಿತು. 2019ರಲ್ಲಿ 20 ಸೆಂಟಿಮೀಟರಿನಲ್ಲಿ 7.8ಕ್ಕೆ. ಬೆರಗಾಗುವಂಥದ್ದೇ. ಲೋಹದ ಕುಹರದಲ್ಲಿ ರೇಡಿಯೊ ಅಲೆ ತುಂಬುವ ಹಳೆಯ ಯಂತ್ರಗಳಲ್ಲಿ ಮೀಟರಿಗೆ ಸುಮಾರು 10 ಕೋಟಿ ವೋಲ್ಟ್ ದಾಟಿಸಹೊರಟರೆ ಕಿಡಿ ಹಾರಿ ಲೋಹ ಕೆಡುತ್ತದೆ. ಸ್ಟ್ಯಾನ್‌ಫರ್ಡಿನ ಯಂತ್ರ 3 ಕಿಲೋಮೀಟರಿಗೂ ಉದ್ದವಿರುವುದು ಈ ಮಿತಿಯಿಂದಲೇ. ಪ್ಲಾಸ್ಮಾದ ಪರಮಾಣುಗಳು ಮೊದಲೇ ಒಡೆದಿರುತ್ತವೆ, ಕಿಡಿಯಿಂದ ಕೆಡಲು ಅಲ್ಲೇನೂ ಉಳಿದಿಲ್ಲ. ಲೇಸರ್ ಮಿಡಿತ ನುಗ್ಗಿದರೆ, ದೋಣಿಯ ಹಿಂದೆ ನೀರು ಏಳುವಂತೆ ಪ್ಲಾಸ್ಮಾದಲ್ಲಿ ಅಲೆ ಏಳುತ್ತದೆ; ಅದರ ಮೇಲೇರಿದ ಎಲೆಕ್ಟ್ರಾನಿಗೆ ಸಿಗುವ ನೂಕು ಸಾವಿರ ಪಟ್ಟು ಹೆಚ್ಚು. ಭೌತವಿಜ್ಞಾನಿಗಳಾದ ತಜಿಮ ಮತ್ತು ಡಾಸನ್ 1979ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು.

ಆದರೆ ಕಿರಣಪುಂಜದ ಬೆಲೆ ಇರುವುದು ಅದರ ಹದದಲ್ಲಿ. 2004ರವರೆಗೆ ಈ ವಿಧಾನದಲ್ಲಿ ಹೊಮ್ಮುತ್ತಿದ್ದ ಎಲೆಕ್ಟ್ರಾನುಗಳ ಶಕ್ತಿ ಮನಬಂದಂತೆ ಚೆದುರಿರುತ್ತಿತ್ತು. ಬ್ರಿಟನ್, ಫ್ರಾನ್ಸ್, ಅಮೆರಿಕದ ಮೂರು ತಂಡಗಳು ಆ ವರ್ಷ ಬಹುಪಾಲು ಒಂದೇ ಶಕ್ತಿಯ ಪುಂಜ ಪಡೆದದ್ದೇ ನಿಜವಾದ ತಿರುವು. 2020ರಲ್ಲಿ ಹ್ಯಾಂಬರ್ಗಿನ ಡೇಸಿ ಸಂಸ್ಥೆಯ ತಂಡ ಒಂದು ದಿನಕ್ಕೂ ಮೀರಿ ಬಿಡುವಿಲ್ಲದೆ ಒಂದು ಲಕ್ಷ ಪುಂಜ ಹೊಮ್ಮಿಸಿ, ಅವುಗಳ ಏರುಪೇರನ್ನು ಲೇಸರಿನ ಸಣ್ಣ ವ್ಯತ್ಯಾಸಗಳ ಜೊತೆ ತಾಳೆ ನೋಡಿತು. ಮರುವರ್ಷ ಶಾಂಘೈ ತಂಡ ಇಂಥ ಪುಂಜದಿಂದ 27 ನ್ಯಾನೊಮೀಟರ್ ತರಂಗಾಂತರದ ಮುಕ್ತ ಎಲೆಕ್ಟ್ರಾನ್ ಲೇಸರ್, ಎಂದರೆ ಓಡುವ ಎಲೆಕ್ಟ್ರಾನುಗಳೇ ಹೊಮ್ಮಿಸುವ ಲೇಸರ್, ಬೆಳಗಿಸಿತು. ಪುಂಜದ ಗುಣಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ವಿರಳ. ಅದನ್ನು ಗೆದ್ದದ್ದು ಅರ್ಧ ಗಿಗಾ ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸಿನ ಪುಂಜ. ದಾಖಲೆಯ ಹತ್ತಿರಕ್ಕೂ ಬಾರದ್ದು.

ಕೊಳವೆ ಗೇಣುದ್ದವಾದರೇನು, ಲೇಸರೇ ಒಂದು ಕೋಣೆ ತುಂಬುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಈಗಿನ ಟೈಟಾನಿಯಂ ನೀಲಮಣಿ ಲೇಸರುಗಳು ನುಂಗುವ ವಿದ್ಯುತ್ತಿನಲ್ಲಿ ಬೆಳಕಾಗುವುದು ಶೇಕಡಾ 1ಕ್ಕೂ ಕಡಿಮೆ. ಮೂಲಕಣಗಳನ್ನು ಡಿಕ್ಕಿ ಹೊಡೆಸುವ ಬೃಹತ್ ಯಂತ್ರಗಳ ಜಾಗಕ್ಕೆ ಇವು ಬರಲು ಇನ್ನೂ ಬಹಳ ಕಾಲ ಬೇಕು. ಇಂಥ ಕೊಳವೆಗಳನ್ನು ಹಂತದ ಮೇಲೆ ಹಂತವಾಗಿ ಜೋಡಿಸುವುದೇ ಅಲ್ಲಿ ದೊಡ್ಡ ತೊಡಕು. ಆದರೆ ಕ್ಷ-ಕಿರಣ ಚಿತ್ರಣ ಅಥವಾ ಚಿಕಿತ್ಸೆಗೆ ಬೇಕಾದಷ್ಟು ಶಕ್ತಿ ಈಗಲೇ ಕೈಯಲ್ಲಿದೆ. ಕೊರತೆಯಿರುವುದು ಸೆಕೆಂಡಿಗೆ ನೂರು, ಸಾವಿರ ಬಾರಿ ತಪ್ಪದೆ ಮಿಡಿಯುವ ಲೇಸರಿನದು. ನಮ್ಮ ತುಮಕೂರಿನ ರಾಜಾ ರಾಮಣ್ಣ ಅವರ ಹೆಸರಿನ ಇಂದೋರ್ ಕೇಂದ್ರದಲ್ಲೂ ಲೇಸರಿನಿಂದ ಎಲೆಕ್ಟ್ರಾನ್ ಓಡಿಸುವ ಪ್ರಯೋಗಗಳು ನಡೆದಿವೆ. ಇಂಥ ಕೆಲಸಕ್ಕೆ ಹಣ ಕೊಡುವವರು ಎಷ್ಟು ಶಕ್ತಿ ಮುಟ್ಟಿದಿರಿ ಎಂದು ಕೇಳುವುದಕ್ಕಿಂತ, ಯಂತ್ರ ನಿಲ್ಲದೆ ಎಷ್ಟು ಹೊತ್ತು ಓಡಿತು ಎಂದು ಮೊದಲು ಕೇಳಲಿ.