ಬಲಗಾಲಿಟ್ಟು ಬಂದ ಮಸ್ಟಾಂಗ್

ಈ ವಾರ ಹೋಲಿ ಕಾರ್ಬ್ಯುರೇಟರ್ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅರ್ಧ ಬರೆದೂ ಇದ್ದೆ. ಅಷ್ಟರಲ್ಲಿ ಮೆಲ್ಬರ್ನಿನಿಂದ ಅಕ್ಕನ ಮಗನ ಫೋನು. "ಮಾಮ, ಒಂದು ಮಸ್ಟಾಂಗ್ ನೋಡಿದೀನಿ. ಅರವತ್ತಾರರದ್ದು, 289 ವಿ8. ಎಂಬತ್ತರ ದಶಕದಲ್ಲಿ ಯಾರೋ ಸ್ಟೇರಿಂಗ್ ಬಲಕ್ಕೆ ಹಾಕಿಸಿದಾರೆ. ಕ್ಲಬ್ಬಲ್ಲಿ ಎಲ್ರೂ ತಗೋ, ಆದ್ರೆ ವಾಪಸ್ ಎಡಕ್ಕೆ ಹಾಕಿಸು ಅಂತಿದಾರೆ. ಏನು ಮಾಡ್ಲಿ?"

"ಮೊದಲು ಆ ಕ್ಲಬ್ ಬಿಡು" ಅಂದೆ. ಅವನು ನಕ್ಕ. ನಾನು ನಗಲಿಲ್ಲ.

ಆದ್ದರಿಂದ ಕಾರ್ಬ್ಯುರೇಟರ್ ಮೇಜಿನ ಖಾನೆ ಸೇರಿದೆ. ಗುರುವಾರ ಸಂಜೆ ತಪ್ಪದೆ ಫೋನ್ ಮಾಡುವ ಉಪಸಂಪಾದಕರಿಗೆ ಏನು ಬಂತು ಅನ್ನುವುದಕ್ಕಿಂತ ಬಂತೋ ಇಲ್ಲವೋ ಅನ್ನುವುದೇ ಮುಖ್ಯ.

"ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ" ಎನ್ನುವ ಪಂಥದ ಜೊತೆ ನನ್ನ ಜಗಳ ಈ ಅಂಕಣದ ಓದುಗರಿಗೆ ಹೊಸದಲ್ಲ. ಅರವತ್ತರ ದಶಕದಲ್ಲಿ ಡೆಟ್ರಾಯಿಟ್ ಕಡೆಯ ಕೆಲಸಗಾರ ಬೋಲ್ಟು ಬಿಗಿಯಾಗಿದೆಯೆಂದು ಬಳಪದಲ್ಲಿ ಎಳೆದ ಗೀಟನ್ನೂ ಬಿಡದೆ, ಅದೇ ಬಣ್ಣದಲ್ಲಿ ಮತ್ತೆ ಎಳೆಸುವ ಮಡಿವಂತರಿವರು. ಸ್ಟೇರಿಂಗ್ ಬಲಕ್ಕೆ ಬಂದ ಅಮೆರಿಕದ ಕಾರೆಂದರೆ ಇವರಿಗೆ ಮೈಲಿಗೆ. ಆದರೆ ಅದು ಬಲಕ್ಕೆ ಬಂದದ್ದು ಯಾರದೋ ಶೋಕಿಗಲ್ಲ. ಆಸ್ಟ್ರೇಲಿಯಾದಲ್ಲಿ ಎಡ ಸ್ಟೇರಿಂಗಿನ ಕಾರನ್ನು ರಸ್ತೆಗೆ ಇಳಿಸಲು ಕಾಯ್ದೆ ಸುಲಭಕ್ಕೆ ಬಿಡುತ್ತಿರಲಿಲ್ಲ. ಮೂವತ್ತು ವರ್ಷ ದಾಟಿದ ಕಾರಿಗೆ ಹುಟ್ಟಿದ ಹಾಗೇ ಇರಲು ಬಹುತೇಕ ರಾಜ್ಯಗಳಲ್ಲಿ ಈಗ ಅನುಮತಿಯಿದೆ. ಅದು ಸಿಕ್ಕಿದ್ದೇ ತಡ, ಹಿಂದೆ ಕತ್ತರಿಸಿದವರನ್ನು ಶಪಿಸಿದವರೇ ಈಗ ಗ್ರೈಂಡರ್ ಹಿಡಿದು ನಿಂತಿದ್ದಾರೆ. ಮೊದಲ ಸಲ ಕತ್ತರಿಸಿದ್ದು ಕಾಯ್ದೆಗಾಗಿ, ಎರಡನೇ ಸಲ ಫ್ಯಾಷನ್ನಿಗಾಗಿ. ಎರಡು ಸಲ ಕತ್ತರಿಸಿ ಎರಡು ಸಲ ಬೆಸೆದ ತಗಡು ಯಾವ ಕಾರ್ಖಾನೆಯಿಂದ ಹಾಗೆ ಬಂದಿತ್ತು ಸ್ವಾಮಿ?

ಇನ್ನೊಂದು ವಿಷಯವನ್ನು ಇವರು ಬೇಕೆಂದೇ ಮರೆಯುತ್ತಾರೆ. ಮಸ್ಟಾಂಗನ್ನು ಬಲಕ್ಕೆ ತಂದವರಲ್ಲಿ ಫೋರ್ಡ್ ಕಂಪನಿಯೇ ಇತ್ತು. 1965-66ರಲ್ಲಿ ಫೋರ್ಡ್ ಆಸ್ಟ್ರೇಲಿಯಾ 200ರ ಆಸುಪಾಸು ಮಸ್ಟಾಂಗ್‌ಗಳನ್ನು ತರಿಸಿ, ಸಿಡ್ನಿಯ ಹೋಮ್‌ಬುಷ್ ಕಾರ್ಖಾನೆಯಲ್ಲಿ ಸ್ಟೇರಿಂಗ್ ಬದಲಿಸಿ ಮಾರಿತು. ಆ ದೇಶದಲ್ಲಿ ಮಸ್ಟಾಂಗ್ ಹೆಸರು ಮನೆಮಾತಾದದ್ದೂ ಆಗಲೇ. 1965ರಲ್ಲಿ ನಾರ್ಮ್ ಬೀಚಿ, ಆಮೇಲೆ 1969ರವರೆಗೆ ನಾಲ್ಕು ವರ್ಷ ಸತತ ಇಯಾನ್ ಗೆಹೇಗನ್ ಅಲ್ಲಿನ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ ಗೆದ್ದದ್ದು ಮಸ್ಟಾಂಗಿನಲ್ಲೇ. ಹೋಮ್‌ಬುಷ್‌ನ ಕಾರೊಂದು ಇವತ್ತು ಮಾರಾಟಕ್ಕೆ ಬಂದರೆ ಇದೇ ಮಡಿವಂತರು ಸಾಲಿನಲ್ಲಿ ಮೊದಲು ನಿಲ್ಲುತ್ತಾರೆ. ಕಂಪನಿ ಮುಟ್ಟಿದರೆ ತೀರ್ಥ, ಮೇಸ್ತ್ರಿ ಮುಟ್ಟಿದರೆ ಮೈಲಿಗೆ.

ಹಾಗಂತ ಎಲ್ಲ ಮೇಸ್ತ್ರಿಗಳ ಪರ ವಕಾಲತ್ತು ಹಾಕುವವನು ನಾನಲ್ಲ. ಡ್ಯಾಶ್‌ಬೋರ್ಡನ್ನು ಕನ್ನಡಿಯಲ್ಲಿ ಕಂಡಂತೆ ಈಚೆಯಿಂದ ಆಚೆಗೆ ಇಟ್ಟರೆ ಮುಗಿಯಿತು ಎಂದುಕೊಂಡವರು ಬಹಳ. ಎಂಜಿನ್ ಕನ್ನಡಿಯಲ್ಲಿ ತಿರುಗುವುದಿಲ್ಲವಲ್ಲ! 289ರ ಸ್ಟಾರ್ಟರ್ ಮೋಟರು ಇರುವುದೇ ಬಲಗಡೆ. ಎಂಜಿನ್ನಿನ ಆ ಮಗ್ಗುಲಿನ ಎಕ್ಸಾಸ್ಟ್ ಇಳಿಯುವುದೂ ಅಲ್ಲೇ. ಬೆಂಗಳೂರಿನ ಸಿಟಿ ಬಸ್ಸಿನಂಥ ಆ ಇಕ್ಕಟ್ಟಿನೊಳಗೆ ಸ್ಟೇರಿಂಗ್ ಬಾಕ್ಸನ್ನು ತೂರಿಸಬೇಕು. ಡ್ರಾಪ್ ಆರ್ಮ್ ಆಚೆಯಿಂದ ಈಚೆಗೆ ಬಂದರೆ ಐಡ್ಲರ್ ಆರ್ಮ್ ಈಚೆಯಿಂದ ಆಚೆಗೆ ಹೋಗಬೇಕು. ಬ್ರೇಕಿನ ಮಾಸ್ಟರ್ ಸಿಲಿಂಡರ್ ಇದ್ದ ತೂತು ಮುಚ್ಚಿ, ಹೊಸ ತೂತು ಕೊರೆದು, ಕಾಲಿನ ಒತ್ತಡಕ್ಕೆ ತಗಡು ಬಾಗದ ಹಾಗೆ ಹಿಂದಿನಿಂದ ಪಟ್ಟಿ ಕೊಡಬೇಕು. ಹೀಟರ್ ಪೆಟ್ಟಿಗೆ ಎದ್ದು ಬೇರೆ ಕಡೆ ಕೂರಬೇಕು. ವೈಪರು ಒರೆಸುವುದು ಡ್ರೈವರ್ ಕಣ್ಣಿನ ಮುಂದೆ ತಾನೆ, ಅದೂ ಬದಲಾಗಬೇಕು. ಅಮೆರಿಕದ ಹೆಡ್‌ಲೈಟು ಬೆಳಕು ಚೆಲ್ಲುವುದು ಬಲಕ್ಕೆ. ಎಡಗಡೆ ಸಂಚಾರದ ರಸ್ತೆಯಲ್ಲಿ ಅದು ಎದುರಿನವನ ಕಣ್ಣಿಗೇ.

ಬಲ್ಲವರು ಫಾಲ್ಕನ್ ಕಡೆ ನೋಡುತ್ತಿದ್ದರು. ಮಸ್ಟಾಂಗಿನ ಚರ್ಮ ಸುಲಿದರೆ ಒಳಗಿರುವುದು ಫೋರ್ಡ್ ಫಾಲ್ಕನ್ನಿನ ಮೂಳೆ. ಆಸ್ಟ್ರೇಲಿಯಾದಲ್ಲಿ 1960ರಿಂದಲೇ ಫಾಲ್ಕನ್ ಬಲ ಸ್ಟೇರಿಂಗಿನಲ್ಲಿ ತಯಾರಾಗುತ್ತಿತ್ತು. ಅಕ್ಕನ ಒಡವೆ ತಂಗಿಗೆ ಹೊಂದುವ ಹಾಗೆ ಅಲ್ಲಿಂದ ಇಲ್ಲಿಗೆ ಎಷ್ಟೋ ಹೊಂದುತ್ತದೆ.

ಬಲ್ಲದವರು ಚೈನು ಹಾಕಿದರು. ಸ್ಟೇರಿಂಗ್ ಚಕ್ರ ಮಾತ್ರ ಬಲಕ್ಕೆ, ಬಾಕ್ಸು ಎಡದಲ್ಲೇ. ನಡುವೆ ಡ್ಯಾಶ್‌ಬೋರ್ಡಿನ ಹಿಂದೆ, ಸೈಕಲ್ಲಿಗೆ ಇರುವ ಹಾಗೆ ಒಂದು ಚೈನು! ಅಂಥದ್ದೊಂದು ಕಮಾರೊ ಓಡಿಸುವ ಭಾಗ್ಯ ನನಗೂ ಸಿಕ್ಕಿದೆ, ಜೀಲಾಂಗ್ ರಸ್ತೆಯಲ್ಲಿ. ನಾನು ತಿರುಗಿಸಿದೆ. ಅದು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ತಿರುಗಿತು. ಪಕ್ಕದಲ್ಲಿ ಕೂತ ಮಾಲೀಕರು "ಸ್ವಲ್ಪ ಪ್ಲೇ ಇದೆ" ಅಂದರು. ಇಳಿದ ಮೇಲೆ ಅವರು ಕೊಟ್ಟ ಕಾಫಿ ಲೋಟ ನನ್ನ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ಅಷ್ಟಕ್ಕೂ ಎಡ ಅಮೆರಿಕದ ಜನ್ಮಸಿದ್ಧ ಹಕ್ಕೇನಲ್ಲ. ರಸ್ತೆಯ ಬಲಗಡೆ ಓಡಿಸುತ್ತಿದ್ದಾಗಲೂ ಅಲ್ಲಿನ ಮೊದಮೊದಲ ಕಾರುಗಳಲ್ಲಿ ಬಹಳಷ್ಟಕ್ಕೆ ಸ್ಟೇರಿಂಗ್ ಬಲಕ್ಕೇ ಇತ್ತು. 1908ರಲ್ಲಿ ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿನಲ್ಲಿ ಅದನ್ನು ಎಡಕ್ಕೆ ಇಟ್ಟ. ಆ ಕಾರು ಮಾರಾಟವಾದ ಪರಿಗೆ ಉಳಿದವರೂ ಹಿಂದೆ ಹೋದರು. ಈಗಲೂ ಅಮೆರಿಕದ ಅಂಚೆ ವ್ಯಾನಿನ ಸ್ಟೇರಿಂಗ್ ಬಲಕ್ಕೇ ಇದೆ, ಪೋಸ್ಟ್‌ಮ್ಯಾನ್ ಕೂತಲ್ಲಿಂದಲೇ ರಸ್ತೆಯಂಚಿನ ಡಬ್ಬಿಗೆ ಕಾಗದ ಹಾಕಲಿ ಎಂದು. ಸ್ವೀಡನ್ನಿನವರದು ಇನ್ನೂ ತಮಾಷೆ. 1967ರ ಸೆಪ್ಟೆಂಬರ್ 3ರವರೆಗೆ ಅವರು ರಸ್ತೆಯ ಎಡಗಡೆ ಓಡಿಸುತ್ತಿದ್ದದ್ದೇ ಬಹುಪಾಲು ಎಡ ಸ್ಟೇರಿಂಗಿನ ಕಾರುಗಳನ್ನು.

ನಮ್ಮ ಕಾಯ್ದೆಯೂ ಎಡ ಸ್ಟೇರಿಂಗನ್ನು ಸಾರಾಸಗಟು ಬಹಿಷ್ಕರಿಸಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಕೇಳುವುದು ಕೆಲಸ ಮಾಡುವ ಯಾಂತ್ರಿಕ ಅಥವಾ ವಿದ್ಯುತ್ ಸಿಗ್ನಲ್ಲನ್ನು ಮಾತ್ರ. ಎಡಗಡೆ ಕೂತವನು ಕೈ ಚಾಚಿದರೆ ಯಾರಿಗೆ ಕಾಣಬೇಕು? ಓವರ್‌ಟೇಕ್ ಮಾಡುವುದು ಹೇಗೆಂದು ಮಾತ್ರ ಆ ಕಲಂ ಹೇಳುವುದಿಲ್ಲ. ಅದಕ್ಕೆ ಪಕ್ಕದಲ್ಲೊಬ್ಬ ಕಂಡಕ್ಟರ್ ಕೂತು "ರೈಟ್ ರೈಟ್, ಹೋಲ್ಡಾನ್" ಎನ್ನುತ್ತಿರಬೇಕು.

ಕಾಲ ಹೇಗೆ ತಿರುಗುತ್ತದೆ ನೋಡಿ. ಮಸಲ್ ಕಾರುಗಳ ಮೂಲಪುರುಷ ಎಂದು ಬಹಳ ಜನ ಒಪ್ಪುವುದು 1964ರ ಪಾಂಟಿಯಾಕ್ ಜಿಟಿಒವನ್ನು. ನಲವತ್ತು ವರ್ಷದ ಮೇಲೆ, 2004ರಲ್ಲಿ, ಆ ಹೆಸರು ಮತ್ತೆ ಬಂದಾಗ ಕಾರು ಬಂದದ್ದು ಆಸ್ಟ್ರೇಲಿಯಾದಿಂದ. ಹೋಲ್ಡನ್ ಮೊನಾರೊಗೆ ಎಡ ಸ್ಟೇರಿಂಗ್ ಹಾಕಿ ಹಡಗು ಹತ್ತಿಸಿದ್ದರು. ಅದನ್ನು ಕೊಂಡ ಅಮೆರಿಕನ್ನರಲ್ಲಿ ಯಾರೂ ಮೂಲಕ್ಕೆ ನಿಷ್ಠರಾಗಿ ಸ್ಟೇರಿಂಗನ್ನು ಬಲಕ್ಕೆ ಹಾಕಿಸಿಕೊಂಡದ್ದು ನನ್ನ ಕಿವಿಗಂತೂ ಬಿದ್ದಿಲ್ಲ. ಮಸ್ಟಾಂಗಿನ ಬಲ ಸ್ಟೇರಿಂಗಿನ ಆವೃತ್ತಿ ಅಮೆರಿಕದ ಕಾರ್ಖಾನೆಯಿಂದಲೇ ಹೊರಬರಲು 2015 ಆಗಬೇಕಾಯಿತು. ಮರುವರ್ಷ ಅದು 65 ಲಕ್ಷ ರೂಪಾಯಿಗೆ ನಮ್ಮಲ್ಲಿಗೂ ಬಂತು. ಹೊಸ ಸೊಸೆ ಅಂತೂ ಬಲಗಾಲಿಟ್ಟೇ ಬಂದಳು.

ಸೊಸೆಯ ಮಾತು ಸಾಕು, ಮಗಳ ಮಾತಿಗೆ ಬರುತ್ತೇನೆ. ಈ ಅಂಕಣದಲ್ಲಿ 'ಮ್ಯಾಡ್ ಮ್ಯಾಕ್ಸ್' ಎಷ್ಟನೇ ಸಲ ಬರುತ್ತಿದೆ ಎಂದು ಲೆಕ್ಕ ಇಟ್ಟವರು ಕ್ಷಮಿಸಬೇಕು. 1979ರ ಆ ಚಿತ್ರದ ಕಪ್ಪು ಕಾರು 1973ರ ಫಾಲ್ಕನ್ ಎಕ್ಸ್‌ಬಿ ಜಿಟಿ. ಹುಟ್ಟಿದ್ದೇ ಬಲ ಸ್ಟೇರಿಂಗಿನಲ್ಲಿ. ಬಾನೆಟ್ಟಿನ ಮೇಲೆ ಎದ್ದು ನಿಂತ ಸೂಪರ್‌ಚಾರ್ಜರ್ ಬರೀ ಅಲಂಕಾರ, ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಇದು ಗೊತ್ತಿದ್ದೂ ಅದರ ಬೆಲ್ಟು ತಿರುಗಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಚಿತ್ರ ಅಮೆರಿಕಕ್ಕೆ ಹೋದಾಗ ಹಂಚಿಕೆದಾರರು ಆಸ್ಟ್ರೇಲಿಯಾದ ಇಂಗ್ಲಿಷ್ ಅಲ್ಲಿಯವರಿಗೆ ಹಿಡಿಸದೆಂದು ಅಮೆರಿಕದ ದನಿಗಳಲ್ಲಿ ಡಬ್ ಮಾಡಿಸಿದರು. ಇಂಗ್ಲಿಷಿನಿಂದ ಇಂಗ್ಲಿಷಿಗೆ! ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಟ್ಟಲೆ ಬೀದಿಗಿಳಿದ ನಾವು ಕೂಡ ಇಂಥದ್ದನ್ನು ಊಹಿಸಿರಲಿಲ್ಲ. ಬಾಯಿ ಎಡಕ್ಕೆ ತಿರುಗಿತು, ಸ್ಟೇರಿಂಗ್ ಬಲದಲ್ಲೇ ಉಳಿಯಿತು. ಸಾವಿರಾರು ಮೈಲಿ ಆಚೆಯ ಹುಡುಗರು ಅದೇ ಕಾರನ್ನು ಕನಸಿನಲ್ಲಿ ಕಂಡರು.

ಅಕ್ಕನ ಮಗನಿಗೆ ಹೇಳಿದ್ದು ಇಷ್ಟು. ಟಾರ್ಚು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಮಲಗು. ಕಾರು ನೆಲದ ಮೇಲೇ ಇರಲಿ, ಯಾರಾದರೂ ಸ್ಟೇರಿಂಗ್ ಆಡಿಸಲಿ, ನೀನು ಡ್ರಾಪ್ ಆರ್ಮ್ ನೋಡು. ಎಂಜಿನಿಯರ್ ಸರ್ಟಿಫಿಕೇಟ್ ಕೇಳು. ಭಾನುವಾರ ವಿಡಿಯೊ ಕಳಿಸಿದ. ಹೆಂಡತಿ ಸ್ಟೇರಿಂಗ್ ಹಿಡಿದಿದ್ದಾಳೆ, ಇವನು ಕೆಳಗಿನಿಂದ "ಇನ್ನೊಂಚೂರು, ಸಾಕು" ಎನ್ನುತ್ತಿದ್ದಾನೆ. ಚೈನಿಲ್ಲ. ಬಾಕ್ಸು ಬಲಕ್ಕೇ ಇದೆ, ಬೆಸುಗೆ ನೀಟಾಗಿದೆ. ಡಿಕ್ಕಿ ತೆರೆದರೆ, ಹಳೇ ಪತ್ರಿಕೆಯಲ್ಲಿ ಸುತ್ತಿಟ್ಟ ಮೂಲದ ಎಡ ಡ್ಯಾಶ್‌ಬೋರ್ಡು.

"ಇದು ಕ್ಲಬ್ಬಿನವರಿಗೆ ಗೊತ್ತಾಗಬಾರದು ಮಾಮ."

ಇಲ್ಲಿ ಬರೆದರೆ ಪರವಾಗಿಲ್ಲ ಅಂದೆ. ಆ ಕ್ಲಬ್ಬಿನಲ್ಲಿ ಕನ್ನಡ ಓದುವವನು ಇವನೊಬ್ಬನೇ.