ಎರಡು ವಯರು, ಒಂದು ಬಲ್ಬು

ಸ್ವಿಚ್ ಆರಿಸಿದರೂ ಹಳೆಯ ಮನೆಯ ಹಜಾರದಲ್ಲಿ ಎಲ್‌ಇಡಿ ಬಲ್ಬು ಮಿಣುಕುಹುಳದಂತೆ ಬೆಳಗುತ್ತಲೇ ಇರುತ್ತದೆ. ಬಲ್ಬು ಬದಲಿಸಿದರೂ ಅದೇ ಕತೆ. ಆಗ ಬರುತ್ತಾರೆ ಅನುಭವಿ ವೈರ್‌ಮನ್, ಕೈಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು.

ಒಂದು ಹೋಲ್ಡರು, ಒಂದು ತಂತುವಿನ ಬಲ್ಬು, ಎರಡು ವಯರು. ಉಪಕರಣ ಇಷ್ಟೇ.

ಟೆಸ್ಟರಿನ ನಿಯಾನ್ ದೀಪ ಪಕ್ಕದ ತಂತಿಯಿಂದ ಸೋರಿ ಬಂದ ಚೂರು ಕರೆಂಟಿಗೂ ಕಣ್ಣು ಬಿಡುತ್ತದೆ. 60 ವ್ಯಾಟಿನ ಬಲ್ಬು ಹಾಗಲ್ಲ. 230 ವೋಲ್ಟಿನಲ್ಲಿ ಪೂರ್ತಿ ಉರಿಯಲು ಅದಕ್ಕೆ ಕಾಲು ಆಂಪಿಯರ್‌ನಷ್ಟು ಬೇಕು. ಹುಸಿ ಕರೆಂಟಿಗೆ ಅದು ಮೋಸಹೋಗದು.

ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ವೈರಿಂಗಿನಲ್ಲಿ ಕೆಂಪು ಯಾವುದು, ಕಪ್ಪು ಯಾವುದು ಎಂಬುದು ಧೂಳಿನಡಿ ಕಾಣದು. ವೈರ್‌ಮನ್ ಲ್ಯಾಂಪಿನ ಒಂದು ತುದಿಯನ್ನು ಖಚಿತವಾದ ನ್ಯೂಟ್ರಲ್‌ಗೆ, ಇನ್ನೊಂದನ್ನು ಹೋಲ್ಡರಿಗೆ ಬರುವ ತಂತಿಗೆ ತಾಗಿಸುತ್ತಾರೆ. ಸ್ವಿಚ್ ಆಫ್ ಇದ್ದರೂ ಝಗ್ ಎಂದು ಬೆಳಕು! ಗುಟ್ಟು ಬಯಲು: ಸ್ವಿಚ್ ಕೂತಿರುವುದು ಫೇಸ್‌ನಲ್ಲಲ್ಲ, ನ್ಯೂಟ್ರಲ್‌ನಲ್ಲಿ. ಹೋಲ್ಡರಿನಲ್ಲಿ ಸದಾ ಕರೆಂಟು. ಬಲ್ಬು ಬದಲಿಸುವ ಕೈಗೆ ಅಪಾಯ. ತಂತುವಿನ ಬಲ್ಬಿದ್ದಾಗ ಅಡಗಿದ್ದ ತಪ್ಪನ್ನು ಎಲ್‌ಇಡಿ ಬಿಟ್ಟುಕೊಟ್ಟಿದೆ.

ಮೇನ್ ಆರಿಸಿ, ಜಂಕ್ಷನ್ ಬಾಕ್ಸಿನಲ್ಲಿ ತಂತಿಗಳ ಜಾಗ ಬದಲಿಸಿ, ಮೇನ್ ಹಾಕಿ ಮತ್ತೆ ಪರೀಕ್ಷೆ. ಈಗ ಕತ್ತಲು. ವೈರ್‌ಮನ್ ಎರಡು ವಯರನ್ನೂ ಹೋಲ್ಡರಿಗೆ ಸುತ್ತಿ ಚೀಲಕ್ಕಿಳಿಸುತ್ತಾರೆ.